ಮನೆಯ ಭಟ್ಟಿಯೂ ರಾಜಶಾಸನವೂ

‘ಭಟ್ಟಿ’ ಎಂಬ ಮಾತಿಗೆ ನಮ್ಮ ಜನ ‘ಕಳ್ಳ’ ಎಂಬ ವಿಶೇಷಣವನ್ನು ಸೇರಿಸಿಯೇ ನುಡಿಯುವುದು ವಾಡಿಕೆ. ಒಲೆ, ಮಡಕೆ, ಬೆಲ್ಲ, ತೊಗಟೆ ಇವುಗಳಲ್ಲಿ ಯಾವುದೂ ತಾನಾಗಿ ಕಳ್ಳವಸ್ತುವಲ್ಲ. ಆ ವಿಶೇಷಣವನ್ನು ಅಂಟಿಸಿದುದು ಶಾಸನ. ಅದರ ಇತಿಹಾಸವನ್ನು ಹೊಸೂರು ಸೀಮೆಯ ಕಡೆಯಿಂದ ನಾವಿಲ್ಲಿ ಅವಲೋಕಿಸೋಣ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ತಯಾರಿಕೆಯೂ ಮಾರಾಟವೂ ಸುರಾಧ್ಯಕ್ಷನ ಅಧೀನ. ಆದರೂ ವಿಶೇಷ ಕಾರ್ಯಗಳಲ್ಲಿ ಶ್ವೇತಸುರೆಯನ್ನೂ, ಔಷಧಾರ್ಥವಾಗಿ ಅರಿಷ್ಟವನ್ನೂ ಗೃಹಸ್ಥನು ಮಾಡಿಕೊಳ್ಳಬಹುದೆಂದು ಆ ಗ್ರಂಥ ಒಪ್ಪುತ್ತದೆ. ಉತ್ಸವ, ಯಾತ್ರೆಗಳಲ್ಲಿ 4 ದಿನಗಳ ಸಡಿಲಿಕೆಯೂ ಉಂಟು.

ಆಂಗ್ಲರ ಆಳಿಕೆಯಲ್ಲಿ ಈ ಸಡಿಲಿಕೆ ಉಳಿಯಲಿಲ್ಲ. 1886ರ ಮದರಾಸು ಅಬಕಾರಿ ಕಾಯಿದೆಯು ಪರವಾನಗಿಯಿಲ್ಲದೆ ಸಾರಾಯಿ ಇಳಿಸುವುದನ್ನು ಅಪರಾಧವೆಂದು ವಿಧಿಸಿತು. ಆದರೆ ಕುಡಿತ ನಿಲ್ಲಲೆಂಬುದು ಅದರ ಆಶಯವಲ್ಲ; ಬೊಕ್ಕಸಕ್ಕೆ ಸುಂಕ ಸೋರದಿರಲೆಂಬುದೇ ಮುಖ್ಯ.

ಆಶಯ ಬದಲಾದುದು 1937ರಲ್ಲಿ. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಮದರಾಸಿನ ಪ್ರಧಾನಿಯಾಗಿ, ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. ನಮ್ಮ ಹೊಸೂರು ಆಗ ಆ ಜಿಲ್ಲೆಗೇ ಸೇರಿತ್ತು. ನಷ್ಟವಾದ ಆದಾಯವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂದಿತು. 1948ರಲ್ಲಿ ಪಾನನಿರೋಧ ಪ್ರಾಂತಕ್ಕೆಲ್ಲ ವ್ಯಾಪಿಸಿತು. ಅದು 1971ರಲ್ಲಿ ಸಡಿಲಗೊಂಡು, 1974ರಲ್ಲಿ ಮತ್ತೆ ಬಿಗಿಗೊಂಡು, ಮುಂದೆ ಅಂಗಡಿಗಳು ಪುನಃ ತೆರೆದವು. 2003ರಿಂದ ಚಿಲ್ಲರೆ ಮಾರಾಟವನ್ನು ಸರಕಾರದ ನಿಗಮವೇ ವಹಿಸಿಕೊಂಡಿತು. ಅಂಗಡಿಯ ಬಾಗಿಲು ತೆರೆಯಲಿ ಮುಚ್ಚಲಿ, ಮನೆಯ ಭಟ್ಟಿಗೆ ಮಾತ್ರ ಅನುಮತಿ ದೊರೆಯಲಿಲ್ಲ. ಗಡಿಯಾಚೆಯೂ ಹಾಗೆಯೇ: 1965ರ ಕರ್ನಾಟಕ ಅಬಕಾರಿ ಕಾಯಿದೆಯಲ್ಲೂ ಪರವಾನಗಿಯಿಲ್ಲದ ತಯಾರಿಕೆ ದಂಡನೀಯ.

ಇದು ಕೇವಲ ಸುಂಕದ ವಿಷಯವೆಂದು ಬಗೆಯುವವರು 2008ರ ಮೇ ತಿಂಗಳನ್ನು ನೆನೆಯಬೇಕು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಬೆಂಗಳೂರು, ಕೋಲಾರ, ಕೃಷ್ಣಗಿರಿ ಸೀಮೆಗಳಲ್ಲಿ ವಿಷಮದ್ಯ ಕುಡಿದು 150ಕ್ಕೂ ಹೆಚ್ಚು ಮಂದಿ ಮಡಿದರು. ಕೊಂದುದು ಮೆಥನಾಲ್. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಕುಡಿಯುವವನು ಅದನ್ನು ಗುರುತಿಸಲಾರ. ಅದು ಮೊದಲು ಕಣ್ಣನ್ನು, ಬಳಿಕ ಪ್ರಾಣವನ್ನು ಕಳೆಯುತ್ತದೆ. 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ ಅದೇ ದುರಂತ ಮರುಕಳಿಸಿ 60ಕ್ಕೂ ಹೆಚ್ಚು ಜನ ಅಸುನೀಗಿದ ಮೇಲೆ, ತಮಿಳುನಾಡು 1937ರ ಕಾಯಿದೆಗೇ ತಿದ್ದುಪಡಿ ತಂದು ಶಿಕ್ಷೆಯನ್ನು ಹೆಚ್ಚಿಸಿತು.

ಮಡಿದವರಲ್ಲಿ ಹೆಚ್ಚಿನವರು ಕೂಲಿಯ ಜನ. ಬೆಲೆ ಕಡಿಮೆಯೆಂದು ಕುಡಿದವರು. ಅವರು ಯಾವ ಭಾಷೆಯವರು, ಗಡಿಯ ಯಾವ ಮಗ್ಗುಲಿನವರು ಎಂದು ವಿಷ ವಿಚಾರಿಸಲಿಲ್ಲ. ಶಾಸನವು ಭಟ್ಟಿಯ ಒಲೆಯನ್ನು ಆರಿಸಬಲ್ಲುದು. ಮನೆಯ ಒಲೆಯನ್ನು ಉರಿಸುವ ಹೊಣೆ ನಮ್ಮದು.