ಊರಿಗೆ ಬಾರದ ಕಂಬಿ

ರೈಲು ಬಂದ ಊರಿನವರಿಗೆ ರೈಲಿನ ಮೇಲೆ ಹೆಚ್ಚಿನ ಮೋಹವಿರುವುದಿಲ್ಲ. ಅವರ ಪಾಲಿಗೆ ಅದು ಬೆಳಗಿನ ಹಾಲಿನವನಿದ್ದಂತೆ. ಬಂದರೆ ಗಮನವಿಲ್ಲ, ಬಾರದಿದ್ದರೆ ಮಾತ್ರ ಕೋಪ. ರೈಲು ಬಾರದ ಊರಿನವರ ಮನಸ್ಸೇ ಬೇರೆ. ನಮ್ಮ ಕೊಳ್ಳೇಗಾಲದಲ್ಲಾಗಲಿ, ಯಳಂದೂರಿನಲ್ಲಾಗಲಿ, ಹನೂರಿನಲ್ಲಾಗಲಿ ಇಂದಿಗೂ ರೈಲು ನಿಲ್ದಾಣವಿಲ್ಲ. ಹನೂರಿನ ಹುಡುಗನೊಬ್ಬನಿಗೆ ರೈಲು ನೋಡುವ ಆಸೆಯಾದರೆ ಅವನು ಕೊಳ್ಳೇಗಾಲಕ್ಕೆ ಬಂದು, ಯಳಂದೂರನ್ನು ಹಾದು, ಚಾಮರಾಜನಗರವನ್ನು ಮುಟ್ಟಬೇಕು. ಇಂಥ ಸೀಮೆಯಲ್ಲಿ ಕುಳಿತು ನಾನು ಕೆಲವು ವರ್ಷಗಳಿಂದ ಮನೆಯ ಮೇಜಿನ ಮೇಲೆ ಕೈಯಾರೆ ರೈಲು ಕಂಬಿ ಹಾಕುತ್ತಿದ್ದೇನೆ ಎಂದರೆ, ವಾಚಕರಲ್ಲಿ ಕೆಲವರು ನಗಬಹುದು. ನಗಲಿ. ಆದರೆ ಈ ಆಟದ ಹಿಂದೆ ಒಂದು ಚರಿತ್ರೆಯುಂಟು. ಅದನ್ನು ಕೇಳಿದ ಮೇಲೆ ನಗುವುದೋ ಬಿಡುವುದೋ ತೀರ್ಮಾನಿಸಿದರೆ ಸಾಕು.

ಮೊದಲು ದೊಡ್ಡ ರೈಲಿನ ಮಾತು. ನಮ್ಮ ದೇಶದಲ್ಲಿ ಪ್ರಯಾಣಿಕರ ಮೊದಲ ರೈಲು 1853ರಲ್ಲಿ ಮುಂಬಯಿಯಿಂದ ಠಾಣೆಗೆ ಓಡಿತು. ಆಗ ಎರಡು ಕಂಬಿಗಳ ನಡುವಣ ಅಂತರವನ್ನು ಐದೂವರೆ ಅಡಿ, ಎಂದರೆ 1,676 ಮಿಲಿಮೀಟರ್ ಎಂದು ಗೊತ್ತುಮಾಡಿದ್ದರು. ಅದೇ ಬ್ರಾಡ್ ಗೇಜು. ಅಷ್ಟು ಅಗಲದ ದಾರಿ ಹಾಕಲು ಹಣ ಬಹಳ ಬೇಕು. ಆದ್ದರಿಂದ 1870ರಲ್ಲಿ ವೈಸರಾಯ್ ಲಾರ್ಡ್ ಮೇಯೋನ ಸರ್ಕಾರ ಅಗ್ಗದ ಇನ್ನೊಂದು ಅಳತೆಯನ್ನು ಆರಿಸಿತು. ಇಲ್ಲೊಂದು ಸ್ವಾರಸ್ಯವಿದೆ. ಆ ಹೊತ್ತಿಗೆ ಭಾರತದಲ್ಲಿ ಮೆಟ್ರಿಕ್ ಅಳತೆಯನ್ನು ಜಾರಿಗೆ ತರುವ ಯೋಚನೆ ನಡೆದಿತ್ತು. ಹೀಗಾಗಿ ಹೊಸ ಗೇಜನ್ನು ಸರಿಯಾಗಿ ಒಂದು ಮೀಟರಿಗೆ ಹೊಂದಿಸಿದರು. ಮೆಟ್ರಿಕ್ ಕಾನೂನು ಆಗ ಕಾಗದದಲ್ಲೇ ಉಳಿಯಿತು. ಸೇರು, ಮಣ, ಅಡಿ, ಅಂಗುಲಗಳೇ ಮುಂದುವರಿದವು. ದೇಶವೆಲ್ಲ ಮೆಟ್ರಿಕ್ ಪದ್ಧತಿಗೆ ತಿರುಗುವ ಕಾನೂನಾದದ್ದು 1956ರಲ್ಲಿ. ಅಷ್ಟು ಕಾಲವೂ ಬಟ್ಟೆಯನ್ನು ಗಜದಲ್ಲಿ ಅಳೆಯುತ್ತಿದ್ದ ನಾಡಿನಲ್ಲಿ ರೈಲು ಮಾತ್ರ ಮೀಟರಿನ ಮೇಲೆ ಓಡುತ್ತಿತ್ತು.

ಮೈಸೂರು ಸೀಮೆಗೆ ಬಂದದ್ದು ಈ ಮೀಟರ್ ಗೇಜೇ. 1876–78ರ ಘೋರ ಕ್ಷಾಮದ ಕಾಲದಲ್ಲಿ ಬೆಂಗಳೂರು–ಮೈಸೂರು ದಾರಿಯ ಕೆಲಸ ಹಸಿದವರಿಗೆ ಕೂಲಿಯಾಯಿತು. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು; 1891ರಲ್ಲಿ ನಂಜನಗೂಡನ್ನು; ಮುವ್ವತ್ತೈದು ವರ್ಷ ಕಳೆದು 1926ರಲ್ಲಿ ಚಾಮರಾಜನಗರವನ್ನು. ನಂಜನಗೂಡಿನ ಬಳಿ ಅದು ಕಪಿಲೆಯನ್ನು ದಾಟಿದ್ದು ಹದಿನೆಂಟನೆಯ ಶತಮಾನದಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆ. ಒಂದು ಮಗ್ಗುಲಲ್ಲಿ ಗಾಡಿಗಳ ರಸ್ತೆ, ಇನ್ನೊಂದು ಮಗ್ಗುಲಲ್ಲಿ ರೈಲು. ರೈಲೆಂಬುದನ್ನು ಕನಸಿನಲ್ಲೂ ಕಾಣದ ಕಾಲದ ಸೇತುವೆ ಮೀಟರ್ ಗೇಜು ಇರುವವರೆಗೂ ಅದರ ಭಾರವನ್ನು ಹೊತ್ತಿತು.

ಚಾಮರಾಜನಗರದಲ್ಲಿ ಕಂಬಿ ನಿಂತಿತು. ಅಲ್ಲಿಂದ ಈಶಾನ್ಯಕ್ಕೆ ಯಳಂದೂರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಸೀಮೆ. ಅದನ್ನು ದಾಟಿದರೆ ಕೊಳ್ಳೇಗಾಲ, ಅದರಾಚೆ ಹನೂರು. ಇವೆರಡೂ ಆಗ ಮೈಸೂರಿಗೆ ಸೇರಿರಲಿಲ್ಲ. ಟಿಪ್ಪುವಿನ ಪತನದ ಬಳಿಕ ಕೊಳ್ಳೇಗಾಲ ಇಂಗ್ಲಿಷರ ಕೈಸೇರಿ, ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಮನೆಯ ಮಾತು ಕನ್ನಡ, ಕಚೇರಿ ಮದರಾಸಿನದು. ಹತ್ತಿರದ ರೈಲಿಗೆ ಹೋಗಬೇಕಾದರೆ ರಾಜ್ಯದ ಗಡಿ ದಾಟಬೇಕಿತ್ತು. 1956ರ ನವೆಂಬರ್ 1ರಂದು ಗಡಿ ಅಳಿಸಿಹೋಯಿತು. ಕಂಬಿ ಮಾತ್ರ ಮುಂದೆ ಬರಲಿಲ್ಲ. ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರಗಳ ಮೇಲೆ ಸತ್ಯಮಂಗಲಕ್ಕೆ ಹೊಸ ದಾರಿ ಹಾಕಲು 1996–97ರಲ್ಲಿ ಮಂಜೂರಾತಿ ದೊರೆಯಿತು. ನಮ್ಮ ಊರಿನಲ್ಲಿ ಅದರ ಒಂದು ಜಲ್ಲಿಯೂ ಬಿದ್ದಿಲ್ಲ.

ಇನ್ನು ಚಿಕ್ಕ ರೈಲಿನ ಮಾತು. ನಂಜನಗೂಡಿಗೆ ರೈಲು ಬಂದ 1891ನೆಯ ವರ್ಷದಲ್ಲೇ ಜರ್ಮನಿಯ ಲೈಪ್‌ಜಿಗ್ ಜಾತ್ರೆಯಲ್ಲಿ ಮೆರ್ಕ್ಲಿನ್ ಎಂಬ ಆಟಿಕೆಯ ಮನೆತನದವರು, ಕೀಲಿ ಕೊಟ್ಟರೆ ಓಡುವ ರೈಲನ್ನೂ ಅದಕ್ಕೆ ಗೊತ್ತಾದ ಅಳತೆಯ ಕಂಬಿಗಳನ್ನೂ ತಂದಿಟ್ಟರು. ಅದಕ್ಕೆ ಮುಂಚೆ ಆಟದ ರೈಲುಗಳು ಬಹುಮಟ್ಟಿಗೆ ನೆಲದ ಮೇಲೆ ಮನಬಂದಂತೆ ಉರುಳುತ್ತಿದ್ದವು. ಅಳತೆ ಗೊತ್ತಾದ ಮೇಲೆ ಈ ವರ್ಷ ಕೊಂಡ ಎಂಜಿನು ಮುಂದಿನ ವರ್ಷ ಕೊಂಡ ಕಂಬಿಯ ಮೇಲೂ ಓಡುವಂತಾಯಿತು. ವ್ಯಾಪಾರಿಗೂ ಲಾಭ, ಮಗುವಿಗೂ ಸಂತೋಷ. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ರೈಲುಗಳನ್ನು ಮಾರುಕಟ್ಟೆಗೆ ತಂದ. 1938ರಲ್ಲಿ ಅವನ ಕಂಪನಿಯಿಂದ ಮೇಜಿನ ಮೇಲೆ ಹಿಡಿಸುವ ಹಾರ್ನ್‌ಬಿ ಡಬ್ಲೊ ಬಂದಿತು. ಅದರ ಕಂಬಿಗಳ ಅಂತರ 16.5 ಮಿಲಿಮೀಟರ್.

ಈ 16.5ರ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಜವಾದ ಸ್ಟ್ಯಾಂಡರ್ಡ್ ಗೇಜು 4 ಅಡಿ 8½ ಅಂಗುಲ. ಅದನ್ನು 87ನೆಯ ಒಂದು ಭಾಗಕ್ಕೆ ಇಳಿಸಿದರೆ 16.5 ಮಿಲಿಮೀಟರ್ ಸರಿಯಾಗುತ್ತದೆ. ಆದರೆ ಇಂಗ್ಲೆಂಡಿನ ಎಂಜಿನುಗಳು ಗಾತ್ರದಲ್ಲಿ ಚಿಕ್ಕವು. ಅವನ್ನು ಅಷ್ಟು ಕುಗ್ಗಿಸಿದರೆ ಹೊಟ್ಟೆಯಲ್ಲಿ ಮೋಟಾರು ಹಿಡಿಸುತ್ತಿರಲಿಲ್ಲ. ಅದಕ್ಕೆ ಅಲ್ಲಿಯವರು ಎಂಜಿನನ್ನು ಮಾತ್ರ 76ರ ಲೆಕ್ಕದಲ್ಲಿ ದೊಡ್ಡದು ಮಾಡಿ, ಕಂಬಿಯನ್ನು ಹಾಗೆಯೇ ಬಿಟ್ಟರು. ದೊಡ್ಡವನ ಮೈಗೆ ಚಿಕ್ಕವನ ಚಡ್ಡಿ ತೊಡಿಸಿದಂತಾಯಿತು. ಲೆಕ್ಕ ಹಾಕಿದರೆ ಆ ಕಂಬಿಯ ಅಗಲ 4 ಅಡಿ 1½ ಅಂಗುಲ ಮಾತ್ರ. ಇದನ್ನು ಸಹಿಸದ ಕೆಲವರು ಅಂಗಡಿಯ ಕಂಬಿಯನ್ನು ಬದಿಗಿಟ್ಟು, ಮೊದಲು 18 ಮಿಲಿಮೀಟರಿಗೆ, ಮುಂದೆ 1960ರ ದಶಕದಲ್ಲಿ 18.83 ಮಿಲಿಮೀಟರಿಗೆ ತಮ್ಮ ಕೈಯಿಂದಲೇ ಕಂಬಿ ಕಟ್ಟಿದರು. ಮನೆಯಲ್ಲಿ ಕಂಬಿ ಕಟ್ಟುವುದು ಬಡತನದ ಉಪಾಯ ಮಾತ್ರವಲ್ಲ, ಅಳತೆಯ ಸತ್ಯಕ್ಕಾಗಿ ಮಾಡಿದ ಹಟವೂ ಹೌದು.

ಅವರಿಗೆ ಅದು ಹಟವಾದರೆ ನಮಗೆ ಅನಿವಾರ್ಯ. ನಮ್ಮ ಬ್ರಾಡ್ ಗೇಜಿನ ಗಾಡಿಯನ್ನು 87ರ ಲೆಕ್ಕದಲ್ಲಿ ಮಾಡಿ 16.5ರ ಕಂಬಿಯ ಮೇಲೆ ನಿಲ್ಲಿಸಿದರೆ ನಿಜದ ಅಳತೆಯಲ್ಲಿ 24 ಸೆಂಟಿಮೀಟರ್ ಅಗಲ ಕಳೆದುಹೋಗುತ್ತದೆ. ಮೀಟರ್ ಗೇಜಿಗೆ 12 ಮಿಲಿಮೀಟರಿನ ಸಿದ್ಧ ಕಂಬಿ ಸಿಗುತ್ತದೆ, ನಿಜ. ಅದು ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಆಲ್ಪ್ಸ್ ಪರ್ವತದ ಕಂಬಿಯನ್ನು ತಂದು ನಂಜನಗೂಡೆಂದು ಹೆಸರಿಟ್ಟರೆ ಶ್ರೀಕಂಠೇಶ್ವರ ಒಪ್ಪಿಯಾನೆ?

ನಾನು 12 ಮಿಲಿಮೀಟರನ್ನೇ ಹಿಡಿದೆ. ಒಂದು ಮೀಟರ್ 12 ಮಿಲಿಮೀಟರಾದರೆ ಎಲ್ಲವೂ ಸುಮಾರು 83ನೆಯ ಒಂದು ಭಾಗವಾಗಬೇಕು. ನಮ್ಮ ಮೀಟರ್ ಗೇಜಿನ ಮರದ ಸ್ಲೀಪರು 6 ಅಡಿ ಉದ್ದ, 8 ಅಂಗುಲ ಅಗಲ, 4½ ಅಂಗುಲ ದಪ್ಪ. ಅದು ನನ್ನ ಮೇಜಿನ ಮೇಲೆ 22 ಮಿಲಿಮೀಟರ್ ಉದ್ದ, ಎರಡೂವರೆ ಮಿಲಿಮೀಟರಿಗೆ ತುಸು ಕಡಿಮೆ ಅಗಲ. ಬಿದಿರಿನ ದಬ್ಬೆ ಸೀಳಿ ಇದನ್ನು ಮಾಡಿಕೊಳ್ಳಬಹುದು. ನಡುನಡುವೆ ಬೆಸುಗೆ ಹಿಡಿಯಲು ತಾಮ್ರದ ಹೊದಿಕೆಯ ಸರ್ಕ್ಯೂಟ್ ಬೋರ್ಡಿನ ತುಂಡುಗಳು ಬೇಕು. ಅವು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಮೈಸೂರಿನಿಂದ ಚಾಮರಾಜನಗರಕ್ಕೆ 61 ಕಿಲೋಮೀಟರ್. ಈ ಲೆಕ್ಕದಲ್ಲೂ ಅದು 732 ಮೀಟರಾಗುತ್ತದೆ. ಮನೆಯಲ್ಲಿ ಅಷ್ಟು ಜಾಗವಿಲ್ಲ. ಆದ್ದರಿಂದ ಒಂದು ನಿಲ್ದಾಣದ ಒಂದು ತುದಿಯಿಂದಲೇ ತೃಪ್ತಿಪಡಬೇಕು.

ನೇರ ಕಂಬಿ ಹಾಕುವುದು ಸುಲಭ. ಕಷ್ಟವಿರುವುದು ಪಾಯಿಂಟಿನಲ್ಲಿ, ಎಂದರೆ ಒಂದು ದಾರಿ ಎರಡಾಗುವ ಕಡೆ. ಮೊದಲು ಕಾಗದದ ಮೇಲೆ ಪೂರ್ಣ ಅಳತೆಯ ನಕ್ಷೆ ಬರೆದು, ಅದರ ಮೇಲೆ ಸ್ಲೀಪರುಗಳನ್ನು ಅಂಟಿಸಬೇಕು. ನೇರವಾದ ಹೊರಕಂಬಿಯನ್ನು ಮೊದಲು ಕೂರಿಸಬೇಕು. ಅನಂತರ ಎರಡು ಕಂಬಿಗಳ ತುದಿಯನ್ನು ಅರದಿಂದ ಓರೆಯಾಗಿ ತಿಕ್ಕಿ, ಸೇರಿಸಿ ಬೆಸೆದು, ಈಟಿಯ ಮೊನೆಯಂತೆ ಮಾಡಬೇಕು. ಎರಡು ದಾರಿಗಳ ಒಳಕಂಬಿಗಳು ಒಂದನ್ನೊಂದು ಹಾಯುವ ಜಾಗ ಇದೇ. ಇದಕ್ಕೆ ಕ್ರಾಸಿಂಗ್ ಎಂದು ಹೆಸರು. ಎಂಟೂವರೆ ಅಡಿ ಮುಂದೆ ಹೋಗುವಷ್ಟರಲ್ಲಿ ಕಂಬಿಗಳು ಒಂದಡಿ ಅಗಲಿದರೆ ಅದು ಎಂಟೂವರೆಗೆ ಒಂದರ ಕ್ರಾಸಿಂಗ್. ನಮ್ಮ ರೈಲ್ವೆಯ ಯಾರ್ಡುಗಳಲ್ಲಿ ಇದು ಸಾಮಾನ್ಯ. ವೇಗದ ದಾರಿಗೆ ಹನ್ನೆರಡಕ್ಕೆ ಒಂದು. ಮೊನೆಯ ಮುಂದೆ ಚಕ್ರದ ಅಂಚು ಹಾಯಲು ಒಂದು ಮಿಲಿಮೀಟರಿನಷ್ಟು ಸಂದು ಬಿಡಬೇಕು. ಆ ಸಂದಿನಲ್ಲಿ ಚಕ್ರ ದಾರಿ ತಪ್ಪದಂತೆ ಎದುರಿನ ಕಂಬಿಯ ಪಕ್ಕದಲ್ಲಿ ಚೆಕ್ ರೈಲೆಂಬ ಕಾವಲುಗಾರನನ್ನು ನಿಲ್ಲಿಸಬೇಕು. ಕೊನೆಗೆ ಚೂರಿಯಂತೆ ಸವೆಸಿದ ಎರಡು ನಾಲಗೆ ಕಂಬಿಗಳು. ಇವು ಅತ್ತಿತ್ತ ಸರಿದು ಗಾಡಿಗೆ ದಾರಿ ತೋರಿಸುತ್ತವೆ. ಎರಡು ಕಂಬಿಗಳಲ್ಲಿ ಬೇರೆಬೇರೆ ವಿದ್ಯುತ್ತು ಹರಿಯುವುದರಿಂದ ಅವು ಎಲ್ಲಿಯೂ ಮುಟ್ಟದಂತೆ ತಾಮ್ರವನ್ನು ಅಲ್ಲಲ್ಲಿ ಗೀರಿ ಕತ್ತರಿಸಬೇಕು. ಗೇಣುದ್ದದ ಈ ಒಂದು ಪಾಯಿಂಟಿಗೆ ನನಗೆ ನಾಲ್ಕು ಭಾನುವಾರ ಹಿಡಿಯುತ್ತದೆ.

ಕೊಳ್ಳೇಗಾಲದವರಿಗೆ ಇಂಥ ಸೂಕ್ಷ್ಮ ಹೊಸದೇನೂ ಅಲ್ಲ. ಇದು ರೇಷ್ಮೆಯ ಊರು. ಮಗ್ಗದ ಹಣಿಗೆ ನೂರಾರು ಎಳೆಗಳನ್ನು ಒಂದೇ ಅಂತರದಲ್ಲಿ ಹಿಡಿದಿಡುವಂತೆಯೇ, ಹಿತ್ತಾಳೆಯ ಗೇಜು ತುಂಡು ನನ್ನ ಎರಡು ಕಂಬಿಗಳನ್ನು ಹಿಡಿದಿಡುತ್ತದೆ. ಅರ, ಚಿಮಟಗಳನ್ನು ಹಿಡಿಯುವ ಕ್ರಮವನ್ನು ನಾನು ಕಲಿತದ್ದು ನೆರೆಯ ಅಕ್ಕಸಾಲಿಯೊಬ್ಬರಿಂದ. ನನ್ನ ಮೊದಲ ಪಾಯಿಂಟನ್ನು ಅಂಗೈಯಲ್ಲಿಟ್ಟುಕೊಂಡು ಅವರು, "ಬೆಸುಗೆ ಚೆನ್ನಾಗೈತೆ ಮೇಷ್ಟ್ರೇ. ಸರ ಆಗಿದ್ರೆ ಕತ್ಗೆ ಹಾಕ್ಬೋದಿತ್ತು. ಇದ್ನ ಎಲ್ಲಿಗೆ ಹಾಕ್ತೀರಿ?" ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನ್ನ ಉತ್ತರವಿಷ್ಟು. ದೇಶದ ಗೇಜುಗಳನ್ನೆಲ್ಲ ಒಂದುಮಾಡುವ ಯೋಜನೆ 1992ರಲ್ಲಿ ಮೊದಲಾಯಿತು. ಮೈಸೂರು–ಚಾಮರಾಜನಗರ ದಾರಿ 2008ರಲ್ಲಿ ಬ್ರಾಡ್ ಗೇಜಾಯಿತು. ಅದು ಆಗಬೇಕಾದದ್ದೇ, ಈಗ ಗಾಡಿ ಬದಲಿಸದೆ ಬೆಂಗಳೂರಿಗೆ ಹೋಗಬಹುದು. ಆದರೆ ಒಂದು ಶತಮಾನಕ್ಕೂ ಮಿಕ್ಕಿ ನಮ್ಮ ಸೀಮೆಯನ್ನು ಹೊತ್ತ ಆ ಒಂದು ಮೀಟರ್ ಅಗಲದ ದಾರಿ ಹೊಸ ಕಂಬಿಗಳಿಗೆ ಎಡೆಗೊಟ್ಟು ಮರೆಯಾಯಿತು. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಹಳೆಯ ಎಂಜಿನುಗಳನ್ನೂ ರಾಜಮನೆತನದ ಗಾಡಿಗಳನ್ನೂ ಅಲ್ಲಿ ನೋಡಬಹುದು. ಎಂಜಿನನ್ನು ತಂದು ನಿಲ್ಲಿಸಬಹುದು. ಒಂದು ನಿಲ್ದಾಣದ ಕಂಬಿಗಳ ಹೆಣಿಗೆಯನ್ನು ಹಾಗೆ ತಂದು ನಿಲ್ಲಿಸಲಾಗದು. ಯಾವ ದಾರಿ ಎಲ್ಲಿ ಕವಲೊಡೆಯುತ್ತಿತ್ತು, ಗೂಡ್ಸ್ ಗಾಡಿ ಎಲ್ಲಿ ಸರಿದು ನಿಲ್ಲುತ್ತಿತ್ತು, ಎಂಜಿನು ಹೇಗೆ ಸುತ್ತಿಬಂದು ಗಾಡಿಯ ಇನ್ನೊಂದು ತುದಿಗೆ ಸೇರುತ್ತಿತ್ತು ಎಂಬುದೆಲ್ಲ ಆ ಹೆಣಿಗೆಯಲ್ಲಿತ್ತು. ಊರಿನ ದಿನಚರಿಯೇ ಅಲ್ಲಿ ಕಬ್ಬಿಣದಲ್ಲಿ ಬರೆದಿತ್ತು.

ಅದನ್ನು ಕೈಯಿಂದ ಓಡಿಸಿ ಬಲ್ಲವರು ಇನ್ನೂ ಇದ್ದಾರೆ. ಪಾಯಿಂಟ್ಸ್‌ಮನ್‌ಗಳು, ಗ್ಯಾಂಗ್‌ಮನ್‌ಗಳು, ಸ್ಟೇಷನ್ ಮಾಸ್ತರರು ನಿವೃತ್ತರಾಗಿ ಮೈಸೂರು, ನಂಜನಗೂಡು, ಚಾಮರಾಜನಗರಗಳ ಬೀದಿಗಳಲ್ಲಿದ್ದಾರೆ. ವಾಚಕರ ಮನೆಯಲ್ಲಿ ಅಂಥ ಹಿರಿಯರಿದ್ದರೆ ಅವರ ಮುಂದೆ ಒಂದು ಹಾಳೆ, ಒಂದು ಪೆನ್ಸಿಲು ಇಟ್ಟು, ತಮ್ಮ ನಿಲ್ದಾಣದ ಕಂಬಿಗಳನ್ನು ಬರೆಯುವಂತೆ ಕೇಳಬೇಕು. ಗೆರೆ ಸೊಟ್ಟಗಾದರೂ ಚಿಂತೆಯಿಲ್ಲ. ಅಳತೆಯನ್ನು ಆಮೇಲೆ ಕೂಡಿಸಿಕೊಳ್ಳಬಹುದು. ಆ ಹಾಳೆ ಇದ್ದರೆ ಇಂದಲ್ಲ ನಾಳೆ ಯಾರಾದರೂ ಅದನ್ನು 12 ಮಿಲಿಮೀಟರಿನಲ್ಲಿ ಕಟ್ಟಿಯಾರು. ಹಾಳೆಯೇ ಇಲ್ಲದಿದ್ದರೆ, ಕಂಬಿ ಎಂದೂ ಬಾರದ ಕೊಳ್ಳೇಗಾಲಕ್ಕೂ ಬಂದು ಹೋದ ನಂಜನಗೂಡಿಗೂ ಏನೂ ವ್ಯತ್ಯಾಸವುಳಿಯುವುದಿಲ್ಲ.