ಐಹೊಳೆಯ ಗುಡಿಗಳೂ ಊರ ಮನೆಗಳೂ

ಮಲಪ್ರಭಾ ನದಿಯ ಬಳಿಯ ಐಹೊಳೆಯು ಚಾಲುಕ್ಯ ಶಿಲ್ಪದ ತವರೆಂಬುದು ಸರ್ವವಿದಿತವಾದ ವಿಷಯ. ಇಲ್ಲಿಯ ಮೇಗುತಿ ಬಸದಿಯಲ್ಲಿ ಶಕವರ್ಷ 556ರಲ್ಲಿ, ಎಂದರೆ ಕ್ರಿ. ಶ. 634ರ ಸುಮಾರಿಗೆ, ರವಿಕೀರ್ತಿಯು ಇಮ್ಮಡಿ ಪುಲಿಕೇಶಿಯ ಪ್ರಶಸ್ತಿಯನ್ನು ಕೆತ್ತಿಸಿ, ತನ್ನನ್ನು ಕಾಳಿದಾಸ ಭಾರವಿಗಳಿಗೆ ಸಮಾನನೆಂದು ಹೇಳಿಕೊಂಡನು. ಈ ಆತ್ಮಪ್ರಶಂಸೆಯು ಅತಿಯೆನಿಸಿದರೂ, ಆ ಮಹಾಕವಿಗಳಿಬ್ಬರ ಕಾಲನಿರ್ಣಯಕ್ಕೆ ಇದೇ ಒಂದು ದೃಢವಾದ ಆಧಾರವಾಗಿ ಒದಗಿರುವುದು ವಿನೋದದ ಸಂಗತಿ.

ಇಷ್ಟು ಪ್ರಾಚೀನವಾದ ಊರಿನ ಗುಡಿಗಳ ಹೆಸರನ್ನು ಕೇಳಿದವರಿಗೆ ಸೋಜಿಗವಾಗದಿರದು. ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗರ ಗುಡಿ. ಇವುಗಳಲ್ಲಿ ಒಂದಾದರೂ ದೇವರ ಹೆಸರಲ್ಲ. ರಾಜವಂಶಗಳಳಿದು ಪೂಜೆ ನಿಂತ ಬಳಿಕ ಒಕ್ಕಲುಗಳು ಮಂಟಪಗಳಲ್ಲಿ ಬಿಡಾರಮಾಡಿದರು. ಗುಡಿಯ ಗೋಡೆಗೆ ಆತು ಮನೆಗಳನ್ನೆಬ್ಬಿಸಿ, ದನಕರುಗಳನ್ನು ಕಟ್ಟಿದರು. ಲಾಡಖಾನನೆಂಬವನು ವಾಸವಾಗಿದ್ದ ಗುಡಿಗೆ ಅವನ ಹೆಸರೇ ನಿಂತಿತು. ದುರ್ಗಗುಡಿಯ ಹೆಸರೂ ದೇವಿಯಿಂದ ಬಂದುದಲ್ಲ, ಪಕ್ಕದ ಕೋಟೆಯಿಂದ ಬಂದುದು. ಅದು ಆದಿತ್ಯನ ಆಲಯವೆಂದು ಅಲ್ಲಿಯ ಶಾಸನವು ಸಾರುತ್ತದೆ. ಭಗವತಿಯ ಆಲಯವೋ, ಶಾಸನದ ಪ್ರಕಾರ, ಗೌಡರ ಗುಡಿ! ಹೀಗೆ ಶಾಸನವು ಹೇಳುವುದು ಒಂದು ಚರಿತ್ರೆ. ಊರವರ ಬಾಯಲ್ಲಿ ಉಳಿದಿರುವುದು ಇನ್ನೊಂದು.

ಗುಡಿಯೊಳಗಿನ ಬಿಡಾರಗಳು ತೆರವಾದುದು ಯುಕ್ತವೇ ಸರಿ. ಒಲೆಯ ಹೊಗೆಗೂ ಗೂಟದ ಪೆಟ್ಟಿಗೂ ಶಿಲ್ಪವನ್ನು ಒಪ್ಪಿಸಿರಲಾಗದು. ಆದರೆ ಅನಂತರದ ತೊಡಕು ಇಷ್ಟು ಸುಲಭವಾದುದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಮನೆಯನ್ನು ಕಟ್ಟಕೂಡದು. ಇದ್ದುದನ್ನು ದುರಸ್ತಿಮಾಡಲೂ ಅಪ್ಪಣೆ ಬೇಕು. ಅದರಾಚೆಯ 200 ಮೀಟರಿನಲ್ಲಿಯೂ ನಿರ್ಬಂಧವುಂಟು. ಒಂಟಿಯಾದ ಗುಡಿಗೆ ಈ ಅಳತೆ ಹೊಂದೀತು. ನೂರಕ್ಕೂ ಮಿಕ್ಕಿ ಗುಡಿಗಳು ಚೆದರಿರುವ ಐಹೊಳೆಯಲ್ಲಿ ಒಂದರ ಎಲ್ಲೆಯನ್ನು ದಾಟುವಷ್ಟರಲ್ಲಿ ಮತ್ತೊಂದರದು ಎದುರಾಗುತ್ತದೆ. ಮಗನ ಮದುವೆಗೆ ಒಂದು ಕೋಣೆಯನ್ನು ಸೇರಿಸಬೇಕೆಂಬ ಗೃಹಸ್ಥನು ಏನು ಮಾಡಬೇಕು?

ಊರನ್ನೇ ಬೇರೆಡೆಗೆ ಸಾಗಿಸಬೇಕೆಂಬ ಮಾತು ಅನೇಕಾವರ್ತಿ ಎದ್ದಿದೆ. ಲಾಡಖಾನ ಗುಡಿಯ ಮಾಡನ್ನು ನೋಡಿದವರು ಇದಕ್ಕೆ ಸುಲಭವಾಗಿ ಒಪ್ಪಲಾರರು. ಚಪ್ಪಡಿಗಳ ಸಂದುಗಳ ಮೇಲೆ ಮರದ ತೊಲೆಗಳಂತೆ ನೀಳವಾದ ಕಲ್ಲುಪಟ್ಟಿಗಳನ್ನು ಹೊದಿಸಿ ಮಳೆನೀರನ್ನು ತಡೆದಿರುವರು. ಮರದಲ್ಲಿ ಮನೆ ಕಟ್ಟುತ್ತಿದ್ದವರ ಕೈವಾಡವೇ ಅಲ್ಲಿ ಕಲ್ಲಿಗಿಳಿದಿದೆ. ಮನೆಯಿಂದ ಕಲಿತ ಗುಡಿಯ ಬಳಿಯಿಂದ ಮನೆಗಳನ್ನೆಲ್ಲ ಅಟ್ಟುವುದು ಯಾವ ನ್ಯಾಯ? ಗೋಡೆಗೇ ಆತಿರುವ ಮನೆಗಳವರಿಗೆ ಹತ್ತಿರದಲ್ಲಿಯೇ ನಿವೇಶನವನ್ನೂ ತಕ್ಕ ಪರಿಹಾರವನ್ನೂ ಕೊಟ್ಟು ತೆರವುಮಾಡಿಸಲಿ. ಉಳಿದವರ ಸೋರುವ ಮಾಳಿಗೆಯ ದುರಸ್ತಿಗೆ ಅಪ್ಪಣೆಯು ಮಳೆಗಾಲಕ್ಕೆ ಮೊದಲೇ ಕೈಸೇರಲಿ.