ಯಾರ ಸೂರ್ಯೋದಯಕ್ಕೆ ನಮ್ಮ ಯುಗಾದಿ? ನೂರ್ಡ್‌ವೈಕ್‌ನಿಂದ ಪಂಚಾಂಗದತ್ತ ಒಂದು ನೋಟ



ಕೆಲವು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳ ಕೊನೆಯಲ್ಲಿ ನನ್ನ ತಾಯಿಯವರು ನೂರ್ಡ್‌ವೈಕ್‌ನ ನಮ್ಮ ಮನೆಯಲ್ಲಿದ್ದರು. ವೈಕುಂಠ ಏಕಾದಶಿಯ ನಿರಾಹಾರ ಮುಗಿಸಿ, ಮರುದಿನ ನಸುಕಿನಲ್ಲೇ ಸ್ನಾನಮಾಡಿ, ದ್ವಾದಶಿಯ ಪಾರಣೆಗಾಗಿ ಕಿಟಕಿಯ ಬಳಿ ಕಾದು ಕುಳಿತರು. ಊರಿನಿಂದ ತಂದ ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯೋದಯ ಆರೂವರೆಯ ಆಸುಪಾಸು ಎಂದು ಅಚ್ಚಾಗಿತ್ತು. ಏಳಾಯಿತು, ಎಂಟಾಯಿತು; ಹೊರಗೆ ಇನ್ನೂ ಕತ್ತಲೆ. "ಊಟ ಮಾಡಮ್ಮ, ಕ್ಯಾಲೆಂಡರಿನ ಹೊತ್ತು ಎಂದೋ ಕಳೆಯಿತು" ಎಂದೆ. "ಕ್ಯಾಲೆಂಡರಿಗೆ ಬೆಳಗಾದರೆ ಸಾಕೇನಪ್ಪಾ? ಸೂರ್ಯ ಹುಟ್ಟಬೇಡವೇ?" ಎಂದರು. ಸಮುದ್ರತೀರದ ಈ ಊರಿನಲ್ಲಿ ಅಂದು ಸೂರ್ಯ ಮೂಡಿದ್ದು ಎಂಟೂ ಮುಕ್ಕಾಲರ ಬಳಿಕ. ಅವರ ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಿಂದ ಪಂಚಾಂಗವಾಗುತ್ತದೆ. ಇವುಗಳಲ್ಲಿ ತಿಥಿಯು ಚಂದ್ರಸೂರ್ಯರ ನಡುವಣ ಅಂತರವನ್ನು ಹೇಳುತ್ತದೆ. ಚಂದ್ರನು ಸೂರ್ಯನಿಂದ 12 ಅಂಶಗಳಷ್ಟು ಮುಂದೆ ಸರಿದಾಗ ಒಂದು ತಿಥಿ ಪೂರ್ಣವಾಗುತ್ತದೆ. ಅಂತಹ 30 ತಿಥಿಗಳು ಸೇರಿದರೆ ಸುಮಾರು 29½ ದಿನಗಳ ಒಂದು ಚಾಂದ್ರಮಾಸ. ತಿಥಿ ಆರಂಭವಾಗುವ ಕ್ಷಣ ಇಡೀ ಭೂಮಿಗೆ ಒಂದೇ. ಆದರೆ ಒಂದು ದಿನಕ್ಕೆ ಯಾವ ತಿಥಿಯ ಹೆಸರು ಎಂಬುದನ್ನು ಆ ದಿನದ ಸೂರ್ಯೋದಯವು ನಿರ್ಧರಿಸುತ್ತದೆ, ಸೂರ್ಯೋದಯವೋ ಊರೂರಿಗೆ ಬೇರೆ. ಹೀಗೆ ಪಂಚಾಂಗದ ಅರ್ಧ ಆಕಾಶಕ್ಕೆ ಸೇರಿದ್ದು, ಉಳಿದರ್ಧ ನಾವು ನಿಂತ ನೆಲಕ್ಕೆ ಸೇರಿದ್ದು.

ಕನ್ನಡ ನಾಡಿನಲ್ಲಿಯೂ ಕಾಲಗಣನೆ ಎಂದೂ ಏಕರೂಪವಾಗಿರಲಿಲ್ಲ. ಬಾದಾಮಿಯ ಬಂಡೆಯ ಮೇಲೆ ಚಾಲುಕ್ಯ ದೊರೆ ಒಂದನೆಯ ಪುಲಕೇಶಿಯು ಕೆತ್ತಿಸಿದ ಶಾಸನವು ಶಕವರ್ಷ 465ರದು, ಅಂದರೆ ಕ್ರಿ.ಶ. 543ರದು. ಆ ಬಳಿಕ ಶಕವರ್ಷವೇ ನಮ್ಮ ಶಾಸನಗಳ ವಾಡಿಕೆಯಾಯಿತು. ಆದರೂ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟವೇರಿದಾಗ ಶಕವರ್ಷವನ್ನು ಬದಿಗಿರಿಸಿ, ಚಾಲುಕ್ಯ ವಿಕ್ರಮ ವರ್ಷವೆಂಬ ಹೊಸ ಗಣನೆಯನ್ನು ಬಳಕೆಗೆ ತಂದನು. ಇಂದಿಗೂ ನಮ್ಮಲ್ಲಿ ಹಲವರು ಚೈತ್ರ ಶುದ್ಧ ಪಾಡ್ಯದಂದು ಬೇವುಬೆಲ್ಲ ಸವಿದರೆ, ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳಲ್ಲಿ ಸೌರಮಾನದ ಬಿಸು ಏಪ್ರಿಲ್ ನಡುವಿನಲ್ಲಿ ಬರುತ್ತದೆ. ಒಂದೇ ನಾಡಿನೊಳಗೆ ಎರಡು ಹೊಸ ವರ್ಷಗಳು. ಅದರಿಂದ ಯಾರ ಹಬ್ಬವೂ ಕೆಟ್ಟಿಲ್ಲ.

ಚಾಂದ್ರವರ್ಷಕ್ಕೆ ಸುಮಾರು 354 ದಿನ, ಸೌರವರ್ಷಕ್ಕೆ 365 ದಿನ. ವರ್ಷಕ್ಕೆ ಹನ್ನೊಂದು ದಿನಗಳ ಈ ಅಂತರವನ್ನು ಹಾಗೆಯೇ ಬಿಟ್ಟರೆ ಯುಗಾದಿಯು ಮಳೆಗಾಲಕ್ಕೂ ಚಳಿಗಾಲಕ್ಕೂ ಅಲೆದಾಡುತ್ತಿತ್ತು. ಹಾಗಾಗದಂತೆ ನಮ್ಮ ಹಿರಿಯರು ಸುಮಾರು 32–33 ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿದರು. 2023ರಲ್ಲಿ ಅಧಿಕ ಶ್ರಾವಣ ಬಂದಿತು, 2026ರಲ್ಲಿ ಅಧಿಕ ಜ್ಯೇಷ್ಠ. ತಪ್ಪಿದ್ದನ್ನು ತಿದ್ದಿಕೊಳ್ಳುವ ಗುಣ ಪಂಚಾಂಗದ ಹುಟ್ಟಿನಲ್ಲೇ ಇದೆ.

ಈ ತಿದ್ದುಪಡಿಯ ಪರಂಪರೆಗೂ ನಮ್ಮ ನೆರೆಯ ಲೈಡನ್ ನಗರಕ್ಕೂ ಒಂದು ನಂಟಿದೆ. ಜಾವಾ ದ್ವೀಪದಲ್ಲಿ 1833ರಲ್ಲಿ ಹುಟ್ಟಿ, ಕಾಶಿಯಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದ ಹೆಂಡ್ರಿಕ್ ಕರ್ನ್ ಅವರು 1865ರಲ್ಲಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. ಆರ್ಯಭಟೀಯವನ್ನು ಪರಮೇಶ್ವರನ ವ್ಯಾಖ್ಯಾನದೊಡನೆ ಸಂಪಾದಿಸಿ 1874ರಲ್ಲಿ ಅವರು ಮೊದಲ ಬಾರಿಗೆ ಮುದ್ರಣಕ್ಕೆ ತಂದದ್ದು ಇದೇ ಲೈಡನ್‌ನಲ್ಲಿ. ನಮ್ಮ ಮನೆಗಳಿಂದ ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆಯ ದಾರಿ! ವ್ಯಾಖ್ಯಾನಕಾರ ಪರಮೇಶ್ವರನು ಕೇರಳದವನು. ಹಳೆಯ ಗಣಿತವು ಹೇಳಿದ ಗ್ರಹಣಕಾಲವೂ ಕಣ್ಣಿಗೆ ಕಂಡ ಗ್ರಹಣಕಾಲವೂ ಹೊಂದದಿರುವುದನ್ನು ಗಮನಿಸಿ, ದಶಕಗಳ ಕಾಲ ಗ್ರಹಣಗಳನ್ನು ವೀಕ್ಷಿಸಿ, 1431ರಲ್ಲಿ ದೃಗ್ಗಣಿತವೆಂಬ ಗ್ರಂಥವನ್ನು ರಚಿಸಿದನು. ಗಣಿತವು ಕಣ್ಣಿಗೆ ಕಂಡದ್ದರೊಡನೆ ಹೊಂದಬೇಕು ಎಂಬುದೇ ಆ ಹೆಸರಿನ ಅರ್ಥ.

ನಮ್ಮ ಸಿದ್ಧಾಂತಕಾರರು ಉಜ್ಜಯಿನಿಯ ಮೂಲಕ ಹಾಯುವ ಮಧ್ಯರೇಖೆಯನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಹಾಕಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಪೂರ್ವಪಶ್ಚಿಮದ ಊರುಗಳಿಗೆ ದೇಶಾಂತರ ಸಂಸ್ಕಾರವನ್ನೂ, ಉತ್ತರದಕ್ಷಿಣದ ಊರುಗಳಿಗೆ ಚರ ಸಂಸ್ಕಾರವನ್ನೂ ಮಾಡಬೇಕೆಂದು ವಿಧಿಸಿದರು. ನೂರ್ಡ್‌ವೈಕ್ ಬೆಂಗಳೂರಿಗಿಂತ ಸುಮಾರು 73 ಅಂಶ ಪಶ್ಚಿಮಕ್ಕಿದೆ. ಸೂರ್ಯನ ಲೆಕ್ಕದಲ್ಲಿ ಇದು ಸುಮಾರು 4 ಗಂಟೆ 53 ನಿಮಿಷಗಳ ದೇಶಾಂತರ. ಅಕ್ಷಾಂಶದಲ್ಲಿ ಬೆಂಗಳೂರು 13ರಲ್ಲಿದ್ದರೆ ನಾವು 52ರಲ್ಲಿದ್ದೇವೆ. ಹಗಲಿನ ಎಂಟನೆಯ ಒಂದು ಪಾಲಾದ ರಾಹುಕಾಲ ಬೆಂಗಳೂರಿನಲ್ಲಿ ವರ್ಷವಿಡೀ ಒಂದೂವರೆ ಗಂಟೆಯ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಜೂನ್‌ನಲ್ಲಿ ಅದು ಎರಡು ಗಂಟೆಗೂ ಮಿಗಿಲು, ಡಿಸೆಂಬರ್‌ನಲ್ಲಿ ಒಂದು ಗಂಟೆಗೂ ತುಸು ಕಡಿಮೆ. ಹೀಗಿರುವಾಗ ಊರಿನ ಕ್ಯಾಲೆಂಡರಿನ ಗಳಿಗೆಗಳನ್ನು ಇಲ್ಲಿ ಹಾಗೆಯೇ ಓದುವುದರಲ್ಲಿ ಶಾಸ್ತ್ರವೂ ಇಲ್ಲ, ಗಣಿತವೂ ಇಲ್ಲ.

ಕಾಲಗಣನೆಯ ಗೊಂದಲ ಡಚ್ಚರಿಗೂ ಹೊಸದಲ್ಲ. ಪೋಪ್ ಗ್ರೆಗರಿಯ ಕ್ಯಾಲೆಂಡರನ್ನು ನಮ್ಮ ಹಾಲೆಂಡ್ ಪ್ರಾಂತವು 1582–83ರ ಚಳಿಗಾಲದಲ್ಲಿ ಒಪ್ಪಿಕೊಂಡಿತು. ಪಕ್ಕದ ಉಟ್ರೆಕ್ಟ್ ಒಪ್ಪಿದ್ದು 1700ರಲ್ಲಿ. ಅಲ್ಲಿ ನವೆಂಬರ್ 30ರ ಮರುದಿನವೇ ಡಿಸೆಂಬರ್ 12 ಆಯಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಲೈಡನ್‌ನಿಂದ ಉಟ್ರೆಕ್ಟ್‌ಗೆ ಹೋದ ವ್ಯಾಪಾರಿಯು ತಾರೀಖಿನಲ್ಲಿ ಹತ್ತು ದಿನ ಹಿಂದಕ್ಕೆ ಹೋಗುತ್ತಿದ್ದನು. ಗಡಿಯಾರದ ಕಥೆಯೂ ಹಾಗೆಯೇ. 1909ರಿಂದ ಈ ದೇಶದ ಕಾಯ್ದೆಬದ್ಧ ಸಮಯವು ಆಮ್‌ಸ್ಟರ್‌ಡ್ಯಾಮಿನ ಸೂರ್ಯನನ್ನು ಅನುಸರಿಸಿ ಗ್ರೀನಿಚ್‌ಗಿಂತ 19 ನಿಮಿಷ 32 ಸೆಕೆಂಡು ಮುಂದಿತ್ತು. 1940ರ ಮೇ ತಿಂಗಳಲ್ಲಿ ಜರ್ಮನ್ ಆಕ್ರಮಣವಾದಾಗ ಬರ್ಲಿನ್ ಸಮಯವನ್ನು ಹೇರಲಾಯಿತು. ಯುದ್ಧ ಮುಗಿದ ಮೇಲೂ ಡಚ್ಚರು ಹಳೆಯ ಸಮಯಕ್ಕೆ ಮರಳಲಿಲ್ಲ. ನಮ್ಮ ಕೈಗಡಿಯಾರಗಳು ಇಂದಿಗೂ ನೂರ್ಡ್‌ವೈಕ್‌ನ ಸೂರ್ಯನಿಗಿಂತ ಚಳಿಗಾಲದಲ್ಲಿ ಸುಮಾರು 42 ನಿಮಿಷ ಮುಂದಿವೆ. ತಾಯಿಯವರ ಪಾರಣೆ ತಡವಾದುದರಲ್ಲಿ ಅಕ್ಷಾಂಶದ ಜೊತೆಗೆ ಈ ಇತಿಹಾಸಕ್ಕೂ ಪಾಲುಂಟು.

ಇನ್ನು 2026ರ ಯುಗಾದಿಯನ್ನೇ ನೋಡೋಣ. ದೃಗ್ಗಣಿತದಂತೆ ಅಮಾವಾಸ್ಯೆ ಮುಗಿಯುವುದು ಮಾರ್ಚ್ 19ರಂದು ಭಾರತೀಯ ಸಮಯ ಬೆಳಿಗ್ಗೆ 6.53ಕ್ಕೆ. ಬೆಂಗಳೂರಿನಲ್ಲಿ ಆ ವೇಳೆಗೆ ಸೂರ್ಯೋದಯವಾಗಿ ಅರ್ಧ ಗಂಟೆಯಾಗುತ್ತಾ ಬಂದಿರುತ್ತದೆ. ಪಾಡ್ಯವು ಸುಮಾರು 22 ಗಂಟೆಗಳಲ್ಲೇ, ಮರುದಿನದ ಸೂರ್ಯೋದಯಕ್ಕೂ ಮೊದಲೇ, ಮುಗಿದುಹೋಗುತ್ತದೆ. ಎರಡು ಸೂರ್ಯೋದಯಗಳಲ್ಲಿ ಒಂದನ್ನೂ ಮುಟ್ಟದ ಇದು ಕ್ಷಯತಿಥಿ. ಆದ್ದರಿಂದ ಅಲ್ಲಿ ವಿಶೇಷ ನಿಯಮದಿಂದ 19ರಂದೇ ಯುಗಾದಿ. ನೂರ್ಡ್‌ವೈಕ್‌ನಲ್ಲಾದರೋ ಅಮಾವಾಸ್ಯೆ ಮುಗಿಯುವಾಗ ನಡುರಾತ್ರಿ ಕಳೆದು 2.23, ಆರೂ ಮುಕ್ಕಾಲರ ಸುಮಾರಿಗೆ ಸೂರ್ಯ ಮೂಡುವಾಗ ಪಾಡ್ಯವು ನೇರವಾಗಿ ಇದೆ, ಕ್ಷಯದ ಮಾತೇ ಇಲ್ಲ. ಈ ಬಾರಿ ದಿನ ಒಂದೇ ಆಯಿತು. ಆ ಪಾಡ್ಯ ಇನ್ನೆರಡು ಗಂಟೆ ಉದ್ದವಿದ್ದಿದ್ದರೆ ಬೆಂಗಳೂರಿಗೆ 20ರಂದೂ ನಮಗೆ 19ರಂದೂ ಯುಗಾದಿಯಾಗುತ್ತಿತ್ತು. ಏಕಾದಶಿ, ಸಂಕಷ್ಟಿಗಳಲ್ಲಿ ಇಂತಹ ವ್ಯತ್ಯಾಸ ಬರುವುದುಂಟು. ಆಗ ಊರಿಗೆ ಫೋನ್ ಮಾಡಿ "ಯಾವುದು ಸರಿ?" ಎಂದು ಕೇಳುತ್ತೇವೆ. ಎರಡೂ ಸರಿಯೇ.

ಹಾಗಾದರೆ ಸಂಘದ ಯುಗಾದಿಯನ್ನು ಶನಿವಾರಕ್ಕೆ ಮುಂದೂಡುವುದು ತಪ್ಪೇ? ಈ ಪ್ರಶ್ನೆ ನಮ್ಮೊಬ್ಬರದಲ್ಲ. ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್‌ಗಳ ಬೆಟ್ಟಗಾಡಿನ ಹ್ಮಾಂಗ್ ಜನರದೂ ಚಾಂದ್ರ ಮಾಸಗಳ ಪಂಚಾಂಗ. ಸುಗ್ಗಿ ಮುಗಿದ ಮೇಲೆ ಬರುವ ಅವರ ಹೊಸ ವರ್ಷದ ಹಬ್ಬದ ಹೆಸರಿಗೆ 'ಮೂವತ್ತನ್ನು ಉಣ್ಣುವುದು' ಎಂಬ ಅರ್ಥವಿದೆ. ಮೂವತ್ತೆಂದರೆ ಕೊನೆಯ ತಿಂಗಳ ಮೂವತ್ತನೆಯ ದಿನ. 1975ರ ಬಳಿಕ ಲಾವೋಸ್‌ನ ಯುದ್ಧದಿಂದ ನಿರಾಶ್ರಿತರಾಗಿ ಅಮೆರಿಕೆಯನ್ನು ಸೇರಿದ ಅವರು, ಸೇಂಟ್ ಪಾಲ್ ನಗರದಲ್ಲಿ ನವೆಂಬರ್ ಕೊನೆಯ ರಜೆಗೂ, ಫ್ರೆಸ್ನೋದಲ್ಲಿ ಡಿಸೆಂಬರ್ ಕೊನೆಗೂ ಆ ಹಬ್ಬವನ್ನು ಹೊಂದಿಸಿಕೊಂಡರು. ಹೊಲವಿಲ್ಲದ ನಾಡಿನಲ್ಲಿ ಸುಗ್ಗಿಯ ಸ್ಥಾನವನ್ನು ರಜಾದಿನಗಳು ವಹಿಸಿಕೊಂಡವು. ನೆಂಟರಿಷ್ಟರು ಕೂಡಿಬಾರದಿದ್ದರೆ ಅದು ಹಬ್ಬವೆನಿಸದು ಎಂಬುದು ಅವರಿಗೂ ತಿಳಿದಿತ್ತು.

ಆದುದರಿಂದ ನನ್ನ ಸಲಹೆ ಸರಳವಾದುದು. ಸಭಾಂಗಣ ಸಿಗುವ, ಮಕ್ಕಳಿಗೆ ರಜೆಯಿರುವ ಶನಿವಾರದಂದು ಎಲ್ಲರೂ ಸೇರಿ ಒಬ್ಬಟ್ಟು ಉಣ್ಣೋಣ; ಅದು ಕೂಟದ ದಿನ. ಮನೆಯ ಬೇವುಬೆಲ್ಲಕ್ಕೆ, ವ್ರತ ಪಾರಣೆಗಳಿಗೆ ನಾವಿರುವ ಊರಿನ ಸೂರ್ಯೋದಯವನ್ನೇ ನೆಚ್ಚೋಣ. ನೂರ್ಡ್‌ವೈಕ್‌ಗೆಂದೇ ಗಣಿಸಿದ ತಿಥಿಪಟ್ಟಿಯನ್ನು ವರ್ಷಕ್ಕೊಮ್ಮೆ ಈ ಪತ್ರಿಕೆಯಲ್ಲಿ ಪ್ರಕಟಿಸಬಹುದು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ತಾಂತ್ರಿಕ ಕೇಂದ್ರವಿರುವ ಈ ಊರಿನಲ್ಲಿ ಇಂತಹ ಗಣಿತಕ್ಕೆ ನೆರವಾಗುವ ಕೈಗಳಿಗೆ ಬರವಿಲ್ಲ.

ಅಂದು ಕೊನೆಗೂ ಮೋಡದ ಮರೆಯಲ್ಲಿ ಬೆಳಕು ಹರಿದಾಗ ತಾಯಿಯವರು ಕೈಮುಗಿದು, ತುಳಸಿ ತೀರ್ಥ ತೆಗೆದುಕೊಂಡು, "ಇಲ್ಲಿಯ ಸೂರ್ಯನೂ ನಮ್ಮವನೇ, ಸ್ವಲ್ಪ ತಡವಾಗಿ ಏಳುತ್ತಾನೆ ಅಷ್ಟೆ" ಎಂದರು. ದೇಶಾಂತರ ಸಂಸ್ಕಾರವನ್ನು ಇಷ್ಟು ತಿಳಿಯಾಗಿ ನನಗೆ ಬೇರಾರೂ ವಿವರಿಸಿಲ್ಲ.